ಶಾಯಿಯ ಲೆಕ್ಕ: ಒಂದು ಕುತೂಹಲದ ಪ್ರಶ್ನೆಯನ್ನು ಬೆನ್ನಟ್ಟುವ ಬಗೆ

ಕುತೂಹಲದ ಪ್ರಶ್ನೆ ಎಂದರೆ ದೊಡ್ಡ ಪ್ರಶ್ನೆಯೇ ಆಗಿರಬೇಕು ಎಂದು ಅನೇಕರು ಭಾವಿಸಿದ್ದಾರೆ. ವಿಶ್ವ ಹೇಗೆ ಹುಟ್ಟಿತು, ಸಾಮ್ರಾಜ್ಯಗಳು ಏಕೆ ಕುಸಿಯುತ್ತವೆ, ಹಣ ಎಂದರೇನು. ಇಂಥವನ್ನು ಕೇಳಿದರೆ ಉತ್ತರಕ್ಕೆ ಬದಲಾಗಿ ಉಪನ್ಯಾಸ ಸಿಗುತ್ತದೆ. ಕೇಳಿದ ಮಗು ತಲೆಯಾಡಿಸಿ ಆಟಕ್ಕೆ ಓಡುತ್ತದೆ. ನಾನು ಕೆಲಸದಲ್ಲಿ ಇದ್ದಷ್ಟು ಕಾಲವೂ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕುಳಿತವಳು. ಸಂಜೆಯ ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ಮನೆಗೆ ಹೋಗಲು ಬಿಡದ ಕೆಲಸ ಅದು. ನಿವೃತ್ತಿಯಾದ ಮೇಲೂ ಆ ಚಾಳಿ ನನ್ನನ್ನು ಬಿಟ್ಟಿಲ್ಲ. ಈಗ ನಮ್ಮ ಬೀದಿಯ ಮಕ್ಕಳು ಭಾನುವಾರ ಬೆಳಿಗ್ಗೆ ಪ್ರಶ್ನೆಗಳನ್ನು ಹೊತ್ತು ನಮ್ಮ ಮನೆಯ ಜಗಲಿಗೆ ಬರುತ್ತಾರೆ. ಅವರ ತಂದೆತಾಯಿಯರು ಆಗಾಗ ಕೇಳುತ್ತಾರೆ: "ನೀವು ಇದನ್ನೆಲ್ಲ ಹೇಗೆ ಹುಡುಕುತ್ತೀರಿ ಮೇಡಂ?" ಅವರಿಗಾಗಿ ಈ ಬರಹ. ಹೇಳುವುದನ್ನೆಲ್ಲ ಒಂದೇ ಪ್ರಶ್ನೆಯನ್ನು ಹಿಡಿದು ಹೇಳುತ್ತೇನೆ: ಮತ ಹಾಕುವಾಗ ಬೆರಳಿಗೆ ಹಚ್ಚುವ ಶಾಯಿ ಏಕೆ ತೊಳೆದರೂ ಹೋಗುವುದಿಲ್ಲ?

ಮೇಜಿನ ಮೇಲೆ ಇಡಬಹುದಾದ ಪ್ರಶ್ನೆ

ಪ್ರಶ್ನೆಯೊಳಗೆ ಒಂದು ವಸ್ತು ಇರಬೇಕು. ಇದು ನನ್ನ ಮೊದಲ ಷರತ್ತು. "ಪ್ರಜಾಪ್ರಭುತ್ವ ಹೇಗೆ ಕೆಲಸ ಮಾಡುತ್ತದೆ" ಎಂಬುದರಲ್ಲಿ ಕೈಗೆ ಸಿಗುವಂಥದ್ದು ಏನೂ ಇಲ್ಲ. ಶಾಯಿಯ ಬಾಟಲಿ ಕೈಗೆ ಸಿಗುತ್ತದೆ. ಅದು ಯಾವುದರಿಂದಲೋ ಆಗಿರಬೇಕು, ಅದನ್ನು ಯಾರೋ ಮಾಡಿರಬೇಕು, ಯಾರೋ ದುಡ್ಡು ಕೊಟ್ಟಿರಬೇಕು, ಅದು ಇಲ್ಲದಿದ್ದ ಒಂದು ಕಾಲ ಇದ್ದಿರಲೇಬೇಕು. ವಿಜ್ಞಾನ, ವ್ಯಾಪಾರ, ಇತಿಹಾಸ ಎಂದು ಶಾಲೆಯವರು ಬೇರೆ ಬೇರೆ ಪೀರಿಯಡ್ ಮಾಡಿಕೊಂಡಿದ್ದಾರೆ, ಬಾಟಲಿಗೆ ಅದು ಗೊತ್ತಿಲ್ಲ.

ಹುಡುಕಲು ಹೊರಡುವ ಮೊದಲು ನಿಮ್ಮ ಊಹೆಯನ್ನು ಬರೆದಿಡಿ. ತಪ್ಪಾದರೂ ಸರಿ. ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ಎಡಪುಟದಲ್ಲಿ "ಕೇಳಿದ್ದು", ಬಲಪುಟದಲ್ಲಿ "ಕಂಡದ್ದು" ಎಂದು ಬರೆಯಿರಿ. ಪತ್ರಿಕೆಯಲ್ಲಿ ಓದಿದ್ದು, ಟಿವಿಯಲ್ಲಿ ನೋಡಿದ್ದು, ಮಾವ ಹೇಳಿದ್ದು ಎಲ್ಲವೂ ಎಡಪುಟಕ್ಕೆ. ನೀವೇ ಅಳೆದದ್ದು, ಎಣಿಸಿದ್ದು, ಮೂಲ ಕಾಗದದಲ್ಲಿ ಓದಿದ್ದು ಬಲಪುಟಕ್ಕೆ. ಎಡಪುಟ ಬೇಗ ತುಂಬುತ್ತದೆ, ಬಲಪುಟ ತುಂಬಾ ನಿಧಾನ. ಎಡಪುಟದ ಎರಡು ಸಾಲುಗಳು ಪರಸ್ಪರ ತಾಳೆಯಾಗದೆ ಇರುವ ಜಾಗಕ್ಕೆ ಕೆಂಪು ಗೆರೆ ಹಾಕಿ. ನನ್ನ ಮಟ್ಟಿಗೆ ಕುತೂಹಲ ಎಂದರೆ ಆ ಕೆಂಪು ಗೆರೆಯೇ. ಉತ್ತರ ಸಿಕ್ಕಿತು ಎಂದು ಎಲ್ಲರೂ ಎದ್ದು ಹೋಗುವ ಹೊತ್ತಿಗೆ ಕ್ಯಾಷಿಯರ್ ಇನ್ನೂ ಕುಳಿತಿರುತ್ತಾಳೆ.

ಶಾಯಿಯ ಪ್ರಶ್ನೆಯಲ್ಲಿ ಮಕ್ಕಳ ಎಡಪುಟದಲ್ಲಿ ಮೊದಲ ದಿನವೇ ಬಂದ ಸಾಲುಗಳು ಇವು: ಶಾಯಿ ಮೂರು ದಿನ ಇರುತ್ತದೆ. ಶಾಯಿ ನಾಲ್ಕು ವಾರ ಇರುತ್ತದೆ. ಶಾಯಿ ತಿಂಗಳುಗಟ್ಟಲೆ ಇರುತ್ತದೆ. ಅದನ್ನು ಮೊದಲು ಬಳಸಿದ್ದು 1962ರಲ್ಲಿ. ಅದನ್ನು ಮಾಡುವುದು ಮೈಸೂರಿನಲ್ಲಿ ಮಾತ್ರ. ಅದರಲ್ಲಿ ಬೆಳ್ಳಿ ಇದೆ. ಪಪ್ಪಾಯಿ ಹಾಲು ಹಚ್ಚಿದರೆ ಹೋಗುತ್ತದೆ. (ಕೊನೆಯದನ್ನು ಹೇಳಿದ ಹುಡುಗ ಮುಂದೆ ರಾಜಕಾರಣಕ್ಕೆ ಹೋಗಬಹುದು.)

ಶಾಯಿಯನ್ನು ಬಿಟ್ಟು ಬೆರಳನ್ನು ನೋಡಿ

ಒಂದು ವಸ್ತು ಹೀಗೇಕೆ ಎಂದು ತಿಳಿಯಬೇಕಾದರೆ, ಅದು ತಾಕುವ ಇನ್ನೊಂದು ವಸ್ತುವಿನಿಂದ ಶುರುಮಾಡುವುದು ಒಳ್ಳೆಯದು. ಈ ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಒಂದು ಲವಣ. ಚರ್ಮದ ಮೇಲೆ ಬೆವರು ಇದೆ, ಬೆವರಿನಲ್ಲಿ ಉಪ್ಪು ಇದೆ. ಸಿಲ್ವರ್ ನೈಟ್ರೇಟೂ ಈ ಉಪ್ಪೂ ಸೇರಿದಾಗ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಅದು ನೀರಿನಲ್ಲಿ ಕರಗುವುದಿಲ್ಲ. ಜೊತೆಗೆ ಬೆಳ್ಳಿ ಚರ್ಮದ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ. ಬೆಳಕು ಬಿದ್ದಂತೆ ಬೆಳ್ಳಿಯ ಅತಿ ಸಣ್ಣ ಕಣಗಳು ಬೇರ್ಪಟ್ಟು ಕಪ್ಪಾಗುತ್ತವೆ. ಹಚ್ಚಿದ ಕೂಡಲೇ ಕಾಣುವ ನೇರಳೆ ಬಣ್ಣ ಬೇರೆ, ಅದು ಬರೀ ಗುರುತು ಕಾಣಲೆಂದು ಸೇರಿಸಿದ ಬಣ್ಣ. ಬೇಗ ಒಣಗಲೆಂದು ಆಲ್ಕೋಹಾಲ್ ಸೇರಿರುತ್ತದೆ. ಹಾಗಾಗಿ ಇದು ಬಟ್ಟೆಗೆ ಬಣ್ಣ ಹತ್ತಿದಂಥ ಮಾತಲ್ಲ. ಶಾಯಿಯ ಅರ್ಧ ಕೆಲಸವನ್ನು ಮಾಡುವುದು ಮತದಾರನ ಬೆವರು ಮತ್ತು ಹೊರಗಿನ ಬಿಸಿಲು.

ಇಲ್ಲಿಗೆ ಬಂದಾಗ ನಿಮ್ಮ ಊರಿನಲ್ಲಿ ಇದೇ ವಸ್ತುವನ್ನು ಬೇರೆ ಕೆಲಸಕ್ಕೆ ಬಳಸುವವರು ಯಾರಿದ್ದಾರೆ ಎಂದು ಯೋಚಿಸಿ. ನಾವು ಹೋದದ್ದು ಅಕ್ಕಸಾಲಿಗರ ಅಂಗಡಿಗೆ. ಬೆಳ್ಳಿಯನ್ನು ಶುದ್ಧಮಾಡಲು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸುತ್ತಾರೆ. ಆಗ ಸಿಗುವ ದ್ರಾವಣವೇ ಸಿಲ್ವರ್ ನೈಟ್ರೇಟ್. ಅದಕ್ಕೆ ತಾಮ್ರದ ತಗಡು ಇಳಿಬಿಟ್ಟರೆ ಬೆಳ್ಳಿ ಮತ್ತೆ ಪುಡಿಯಾಗಿ ಹೊರಬರುತ್ತದೆ. ಜನರ ಹತ್ತಿರ ಹೋದಾಗ "ಸಿಲ್ವರ್ ನೈಟ್ರೇಟ್ ಎಂದರೇನು" ಎಂದು ಕೇಳಬೇಡಿ, ಅವರಿಗೆ ಪರೀಕ್ಷೆ ಬರೆಯುವಂತೆ ಆಗುತ್ತದೆ. "ಅಣ್ಣಾ, ನಿಮ್ಮ ಬೆರಳ ತುದಿ ಏಕೆ ಕಪ್ಪಾಗಿದೆ?" ಎಂದು ಕೇಳಿ. ಆ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ರಸಾಯನ ಪುಸ್ತಕಕ್ಕಿಂತ ಚೆನ್ನಾಗಿತ್ತು. ಆಸಿಡ್‌ನ ಕೆಲಸವನ್ನು ಮಕ್ಕಳು ದೂರದಿಂದ ನೋಡಲಿ. ಸಿಲ್ವರ್ ನೈಟ್ರೇಟನ್ನು ಮನೆಗೆ ತಂದು ಪ್ರಯೋಗ ಮಾಡುವುದಂತೂ ಬೇಡವೇ ಬೇಡ. ಚರ್ಮವನ್ನು ಸುಡುವ, ಕಣ್ಣಿಗೆ ಅಪಾಯಕಾರಿಯಾದ ವಸ್ತು ಅದು.

ಎರಡನೆಯವರು ಕಪ್ಪು-ಬಿಳುಪು ಕಾಲದ ಫೋಟೋ ಸ್ಟುಡಿಯೋದವರು. ಬೆಳ್ಳಿಯ ಲವಣಗಳನ್ನು ಕಪ್ಪಾಗಿಸುವುದು ಬಿಸಿಲಿನ ಶಾಖವಲ್ಲ, ಬೆಳಕು ಎಂದು 18ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಯೋಹಾನ್ ಹೈನ್ರಿಖ್ ಶುಲ್ಟ್ಸೆ ತೋರಿಸಿದ. 1839ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ತನ್ನ ಛಾಯಾಚಿತ್ರ ವಿಧಾನವನ್ನು ಪ್ರಕಟಿಸಿದ: ಕಾಗದವನ್ನು ಅಡುಗೆ ಉಪ್ಪಿನ ನೀರಿನಲ್ಲಿ ಅದ್ದಿ ಒಣಗಿಸುವುದು, ಮೇಲೆ ಸಿಲ್ವರ್ ನೈಟ್ರೇಟ್ ಬಳಿಯುವುದು, ಬೆಳಕಿಗೆ ಹಿಡಿಯುವುದು. ಉಪ್ಪಿನ ಕಾಗದದ ಜಾಗದಲ್ಲಿ ಬೆವರಿನ ಬೆರಳನ್ನು ಇಟ್ಟು ನೋಡಿ. ಮತಗಟ್ಟೆಯಲ್ಲಿ ನಮ್ಮ ಚರ್ಮದ ಮೇಲೆ ನಡೆಯುವುದು ಫೋಟೋಗ್ರಫಿ. ಇದನ್ನು ಹೇಳಿದಾಗ ಮಕ್ಕಳ ಮುಖ ಅರಳಿದ್ದನ್ನು ಬರೆದು ವಿವರಿಸಲಾರೆ.

ಈಗ ಕೆಂಪು ಗೆರೆ: ಮೂರು ದಿನವೋ, ತಿಂಗಳುಗಟ್ಟಲೆಯೋ? ಚರ್ಮದ ಮೇಲ್ಪದರ ಸತ್ತು ಉದುರುತ್ತಲೇ ಇರುತ್ತದೆ, ಅದರೊಂದಿಗೆ ಅಲ್ಲಿನ ಕಲೆ ಕೆಲವೇ ದಿನಗಳಲ್ಲಿ ಮಾಸುತ್ತದೆ. ಉಗುರು ಹಾಗೆ ಉದುರುವುದಿಲ್ಲ, ಬೆಳೆದು ಮುಂದೆ ಸಾಗಬೇಕು. ಎಷ್ಟು ವೇಗದಲ್ಲಿ? ಇದನ್ನು ಓದಿ ತಿಳಿಯುವ ಅಗತ್ಯವೇ ಇಲ್ಲ. ತೋರುಬೆರಳ ಉಗುರಿನ ಬುಡದಲ್ಲಿ ನೇಲ್ ಪಾಲಿಶ್‌ನ ಸಣ್ಣ ಚುಕ್ಕೆ ಇಟ್ಟು, ಪ್ರತಿ ಭಾನುವಾರ ಚರ್ಮದ ಅಂಚಿನಿಂದ ಚುಕ್ಕೆಯವರೆಗೆ ಸ್ಕೇಲಿನಿಂದ ಅಳೆಯಿರಿ. ಚುಕ್ಕೆ ಮಾಸಿದರೆ ಅದರ ಮೇಲೆಯೇ ಇನ್ನೊಂದು ಇಡಿ. ತಿಂಗಳಿಗೆ ಸರಿಸುಮಾರು 3 ಮಿಲಿಮೀಟರ್ ಬರುತ್ತದೆ. ಉಗುರಿನ ಉದ್ದ 12 ಮಿಲಿಮೀಟರ್ ಇದ್ದರೆ ಬುಡದಲ್ಲಿ ಬಿದ್ದ ಕಲೆ ತುದಿಗೆ ಬರಲು ನಾಲ್ಕು ತಿಂಗಳು. ಎಡಪುಟದ ಮೂರು ಸಾಲುಗಳೂ ಪೂರ್ತಿ ಸುಳ್ಳಲ್ಲ. ಒಬ್ಬರು ಚರ್ಮವನ್ನು ನೋಡಿ ಹೇಳಿದ್ದರು, ಇನ್ನೊಬ್ಬರು ಉಗುರಿನ ತುದಿಯನ್ನು, ಮತ್ತೊಬ್ಬರು ಉಗುರಿನ ಬುಡವನ್ನು. ಎರಡು ಹೇಳಿಕೆ ತಾಳೆಯಾಗದಿದ್ದರೆ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಕೇಳುವ ಮೊದಲು, ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತಿದ್ದಾರೆಯೇ ಎಂದು ನೋಡಿ.

"ಮೊದಲ" ಎಂಬ ಮಾತು ಕಂಡಲ್ಲಿ ನಿಲ್ಲಿ

ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಅನುಮಾನ ಹುಟ್ಟಿಸುವುದು "ಮೊಟ್ಟಮೊದಲ ಬಾರಿಗೆ". ಅಳಿಸಲಾಗದ ಶಾಯಿಯನ್ನು 1962ರ ಮೂರನೇ ಮಹಾಚುನಾವಣೆಯಲ್ಲಿ ಮೊದಲ ಬಾರಿಗೆ ಬಳಸಲಾಯಿತು ಎಂದು ನೂರು ಕಡೆ ಓದುತ್ತೀರಿ. ಆದರೆ ಸುಕುಮಾರ್ ಸೇನ್ ಮುಖ್ಯ ಚುನಾವಣಾ ಆಯುಕ್ತರಾಗಿ ನಡೆಸಿದ 1951–52ರ ಮೊದಲ ಮಹಾಚುನಾವಣೆಯ ಲೆಕ್ಕದಲ್ಲಿ 3,89,816 ಬಾಟಲಿ ಶಾಯಿ ಬಳಕೆಯಾಗಿದೆ. ಹಾಗಾದರೆ 1962ರಲ್ಲಿ ನಡೆದದ್ದೇನು? ಆ ವರ್ಷ ಚುನಾವಣಾ ಆಯೋಗವು ಕೇಂದ್ರ ಕಾನೂನು ಸಚಿವಾಲಯ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಮತ್ತು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಜೊತೆಗೂಡಿ ಮೈಸೂರಿನ ಕಾರ್ಖಾನೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅಂದರೆ 1962 ಮೈಸೂರು ಶಾಯಿಯ ಮೊದಲು, ಬೆರಳಿನ ಶಾಯಿಯ ಮೊದಲಲ್ಲ. ಹೇಳುವಾಗ "ಮೈಸೂರು" ಎಂಬ ಒಂದು ಪದ ಉದುರಿಹೋಯಿತು, ಇತಿಹಾಸ ಹತ್ತು ವರ್ಷ ಮುಂದೆ ಸರಿಯಿತು.

ಆದ್ದರಿಂದ "ಮೊದಲ" ಎಂದು ಓದಿದಾಗಲೆಲ್ಲ ಕೇಳಿ: ಯಾವುದರಲ್ಲಿ ಮೊದಲು? ಎಲ್ಲಿ? ಯಾರಿಗೆ? "ಕಂಡುಹಿಡಿದವರು ಯಾರು" ಎಂಬುದಕ್ಕೂ ಇದೇ ಎಚ್ಚರ ಬೇಕು. ಪ್ರಯೋಗಾಲಯದಲ್ಲಿ ಹಲವರು ಸೇರಿ ಮಾಡಿದ ಕೆಲಸಕ್ಕೆ ಒಂದೇ ಹೆಸರು ಅಂಟಿಸಿದ್ದರೆ ಆ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಸಂಸ್ಥೆಯ ಹೆಸರನ್ನು ಪೆನ್ನಿನಲ್ಲಿ ಬರೆಯಿರಿ.

ಮೈಸೂರಿನ ಕಾರ್ಖಾನೆಯ ಕಥೆಯೂ ಶಾಯಿಯಿಂದ ಶುರುವಾಗುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದು ಆರಂಭವಾದದ್ದು ಅದು. ಲ್ಯಾಕ್ ಎಂದರೆ ಅರಗು. ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್ ಎಂಬ ಹೆಸರು ಬಂದದ್ದು 1989ರಲ್ಲಿ. ಅರಗು ಮತ್ತು ಬಣ್ಣದ ಕಾರ್ಖಾನೆ ಕಾಲು ಶತಮಾನದ ನಂತರ ದೇಶದ ಬೆರಳಿಗೆ ಶಾಯಿ ಕೊಡುತ್ತದೆ ಎಂದು 1937ರಲ್ಲಿ ಯಾರೂ ಯೋಜನೆ ಹಾಕಿರಲಿಲ್ಲ. ಯಾವುದೇ ಸಂಸ್ಥೆಯ ಹಳೆಯ ಹೆಸರನ್ನು ಹುಡುಕಿ ನೋಡಿ, ಅದು ಯಾವ ವ್ಯಾಪಾರಕ್ಕೆ ಹುಟ್ಟಿತ್ತು ಎಂಬುದು ಹೆಚ್ಚಾಗಿ ಅಲ್ಲೇ ಕುಳಿತಿರುತ್ತದೆ.

ಭಾಗಾಕಾರ ಮಾಡಿ

ಇದು ನನ್ನ ಇಷ್ಟದ ಭಾಗ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಪತ್ರಿಕೆಯಲ್ಲಿ ದೊಡ್ಡ ಸಂಖ್ಯೆ ಬಂದರೆ ಜನ "ಅಬ್ಬಾ" ಎನ್ನುತ್ತಾರೆ, ಮುಂದೆ ಹೋಗುತ್ತಾರೆ. ದೊಡ್ಡ ಸಂಖ್ಯೆಯನ್ನು ಇನ್ನೊಂದು ದೊಡ್ಡ ಸಂಖ್ಯೆಯಿಂದ ಭಾಗಿಸಿದರೆ ಮನುಷ್ಯನ ಅಳತೆಗೆ ಬರುತ್ತದೆ.

2024ರ ಲೋಕಸಭಾ ಚುನಾವಣೆಗೆ ಮೈಸೂರಿನಿಂದ ಹೋದದ್ದು ಸುಮಾರು 26.55 ಲಕ್ಷ ಬಾಟಲಿ. ಒಂದು ಬಾಟಲಿಯಲ್ಲಿ 10 ಮಿಲಿಲೀಟರ್, ಅದರಿಂದ ಸುಮಾರು 700 ಜನರಿಗೆ ಹಚ್ಚಬಹುದು. ಗುಣಿಸಿದರೆ ಸುಮಾರು 186 ಕೋಟಿ ಬೆರಳು. ಆದರೆ ಪಟ್ಟಿಯಲ್ಲಿದ್ದ ಮತದಾರರು ಸುಮಾರು 97 ಕೋಟಿ, ಮತ ಹಾಕಿದವರು ಸುಮಾರು 64 ಕೋಟಿ. ಕೆಂಪು ಗೆರೆ! ಇಷ್ಟು ಶಾಯಿ ಏಕೆ? ಮಕ್ಕಳು ಕೂಡಲೇ "ಭ್ರಷ್ಟಾಚಾರ" ಎಂದರು, ಪಾಪ, ಮನೆಯಲ್ಲಿ ಕೇಳಿ ಬಂದ ಉತ್ತರ. ವ್ಯತ್ಯಾಸ ಕಂಡ ಕೂಡಲೇ ಕಳ್ಳನನ್ನು ಹುಡುಕಬಾರದು, ಮೊದಲು ಘಟಕವನ್ನು ಬದಲಿಸಿ ನೋಡಬೇಕು. ಶಾಯಿ ಹಂಚಿಕೆಯಾಗುವುದು ಮತದಾರರ ಲೆಕ್ಕದಲ್ಲೋ, ಮತಗಟ್ಟೆಯ ಲೆಕ್ಕದಲ್ಲೋ?

ಚುನಾವಣಾ ಕೆಲಸಕ್ಕೆ ಹೋದವರಿಗೆ ಇದು ಗೊತ್ತು. ಮಸ್ಟರಿಂಗ್ ಕೇಂದ್ರದಲ್ಲಿ ಕೊಡುವ ಸಾಮಗ್ರಿಗಳ ಪಟ್ಟಿಯಲ್ಲಿ ಪ್ರತಿ ಮತಗಟ್ಟೆಗೆ ಎರಡು ಬಾಟಲಿ ಶಾಯಿ ಇರುತ್ತದೆ. ಊರು ಚಿಕ್ಕದೋ ದೊಡ್ಡದೋ, ಎರಡು. 2024ರಲ್ಲಿ ಸುಮಾರು 10.5 ಲಕ್ಷ ಮತಗಟ್ಟೆಗಳಿದ್ದವು, ಎರಡರಂತೆ 21 ಲಕ್ಷ ಬಾಟಲಿ. ಉಳಿದ ಐದೂವರೆ ಲಕ್ಷ ಮೀಸಲು ಎಂಬುದು ನನ್ನ ಊಹೆ, ಅದನ್ನು ಊಹೆ ಎಂದೇ ಎಡಪುಟದಲ್ಲಿ ಬರೆದಿದ್ದೇವೆ. 64 ಕೋಟಿ ಮತವನ್ನು 10.5 ಲಕ್ಷದಿಂದ ಭಾಗಿಸಿದರೆ ಮತಗಟ್ಟೆಗೆ ಸರಾಸರಿ 610 ಜನ. ಅಂದರೆ ಸರಾಸರಿ ಮತಗಟ್ಟೆಗೆ ಒಂದೇ ಬಾಟಲಿ ಸಾಕು, ಎರಡನೆಯದು ಮುಚ್ಚಳ ತೆರೆಯದೆ ವಾಪಸಾಗುತ್ತದೆ. ಆದರೆ ಒಂದು ಬಾಟಲಿ ಮೇಜಿನ ಮೇಲೆ ಉರುಳಿಬಿದ್ದರೆ ಆ ಊರಿನ ಮತದಾನವೇ ನಿಲ್ಲಬೇಕಾಗುತ್ತದೆ, ಅದಕ್ಕಾಗಿ ಎರಡನೆಯದು.

ಈಗ ಸ್ವಾರಸ್ಯ ನೋಡಿ. 1951–52ರ 3,89,816 ಬಾಟಲಿಗಳನ್ನು ಅಂದಿನ ಮತಗಟ್ಟೆಗಳಿಂದ ಭಾಗಿಸಿ. ಮತಗಟ್ಟೆಗಳು 1,96,084 ಎಂದು ಒಂದು ಲೆಕ್ಕ, 2,24,000 ಎಂದು ಇನ್ನೊಂದು. ಮೊದಲನೆಯದನ್ನು ಹಿಡಿದರೆ 1.99, ಎರಡನೆಯದನ್ನು ಹಿಡಿದರೆ 1.74. ಯಾವುದನ್ನು ತೆಗೆದುಕೊಂಡರೂ ಎರಡರ ಹತ್ತಿರ. ಎಪ್ಪತ್ತು ವರ್ಷಗಳಲ್ಲಿ ಮತಪೆಟ್ಟಿಗೆ ಹೋಗಿ ಯಂತ್ರ ಬಂತು, ಶಾಯಿಯ ಲೆಕ್ಕ ಮಾತ್ರ ಅಲ್ಲೇ ಇದೆ.

ಇನ್ನು ದುಡ್ಡು. 2019ರಲ್ಲಿ ಸುಮಾರು 26 ಲಕ್ಷ ಬಾಟಲಿಗೆ 33 ಕೋಟಿ ರೂಪಾಯಿ ಎಂದು ಪತ್ರಿಕೆಗಳು ವರದಿ ಮಾಡಿದವು, 2024ರಲ್ಲಿ 26.55 ಲಕ್ಷಕ್ಕೆ 55 ಕೋಟಿ. ಬಾಟಲಿಗೆ 127 ರೂಪಾಯಿ ಇದ್ದದ್ದು 207 ಆಯಿತು. ಏಕೆ? ಒಳಗೆ ಬೆಳ್ಳಿ ಇದೆ ಎಂದು ಈಗಾಗಲೇ ತಿಳಿದಿದ್ದೇವೆ, ವಿಜ್ಞಾನದ ಪುಟ ವ್ಯಾಪಾರದ ಪುಟಕ್ಕೆ ಕೆಲಸಕ್ಕೆ ಬರುವುದು ಇಲ್ಲೇ. ಇಂಥ ಶಾಯಿಗಳಲ್ಲಿ ಸಿಲ್ವರ್ ನೈಟ್ರೇಟ್ ಸಾಮಾನ್ಯವಾಗಿ ಶೇ 10ರಿಂದ 18ರಷ್ಟಿರುತ್ತದೆ. 10 ಮಿಲಿಲೀಟರ್‌ನಲ್ಲಿ 1ರಿಂದ 1.8 ಗ್ರಾಂ, ಅದರಲ್ಲಿ ಬೆಳ್ಳಿಯ ಪಾಲು ಶೇ 63.5. ಅಂದರೆ ಬಾಟಲಿಗೆ 0.64ರಿಂದ 1.14 ಗ್ರಾಂ ಬೆಳ್ಳಿ. 2019ರ ಆರಂಭದಲ್ಲಿ ಬೆಳ್ಳಿ ಕಿಲೋಗೆ 40 ಸಾವಿರದ ಆಸುಪಾಸಿನಲ್ಲಿತ್ತು, 2024ರ ಚುನಾವಣೆಯ ಹೊತ್ತಿಗೆ 80 ಸಾವಿರ ದಾಟಿತ್ತು. ಹಾಗಾಗಿ ಬಾಟಲಿಯೊಳಗಿನ ಬೆಳ್ಳಿಯೊಂದರಿಂದಲೇ 25ರಿಂದ 45 ರೂಪಾಯಿಯಷ್ಟು ಏರಿಕೆ. 80 ರೂಪಾಯಿಯ ಏರಿಕೆಯಲ್ಲಿ ಸುಮಾರು ಮೂರನೇ ಒಂದರಿಂದ ಅರ್ಧಕ್ಕೆ ಸ್ವಲ್ಪ ಮೇಲಿನವರೆಗೆ ಎಂದು ಇಟ್ಟುಕೊಳ್ಳಿ. ಎಲ್ಲವನ್ನೂ ಕೂಡಿದರೆ 26.55 ಲಕ್ಷ ಬಾಟಲಿಗಳಲ್ಲಿ 1.7ರಿಂದ 3 ಟನ್ ಬೆಳ್ಳಿ! ಬೆರಳಿಗೆ ಹೋದದ್ದು ಅದರ ಮೂರನೇ ಒಂದು ಭಾಗ. ಇದು ಪೆನ್ಸಿಲ್ ಲೆಕ್ಕ, ಆಡಿಟ್ ಅಲ್ಲ. ಆದರೆ ಈ ಲೆಕ್ಕ ಹಾಕಿದ ಮೇಲೆ ಒಬ್ಬಳು ಹುಡುಗಿ ದಿನವೂ ಬೆಳ್ಳಿಯ ದರ ನೋಡಲು ಶುರುಮಾಡಿದ್ದಾಳೆ.

ಮೂಲ ಕಾಗದ ಓದುವುದು

ಸರ್ಕಾರಿ ಕಾಗದಕ್ಕೆ ಹೆದರಬೇಡಿ. ಸಾರಾಂಶ ಬರೆದವರು ಬಿಟ್ಟುಬಿಟ್ಟ ವಿವರಗಳೆಲ್ಲ ಅಲ್ಲಿ ಇರುತ್ತವೆ. 1961ರ ಚುನಾವಣಾ ನಿರ್ವಹಣಾ ನಿಯಮಗಳಲ್ಲಿ 49ಕೆ ಎಂಬ ನಿಯಮ ಓದಿ. ಮತದಾರ ತನ್ನ ಎಡ ತೋರುಬೆರಳನ್ನು ಪರೀಕ್ಷಿಸಲು ಬಿಡಬೇಕು, ನಂತರ ಗುರುತು ಹಾಕಿಸಿಕೊಳ್ಳಬೇಕು. ಈ ಗುರುತಿನ ಉದ್ದೇಶ ನೀವು ಮತ ಹಾಕಿದಿರಿ ಎಂದು ತೋರಿಸುವುದಲ್ಲ, ಇನ್ನೊಮ್ಮೆ ಹಾಕದಂತೆ ತಡೆಯುವುದು. ಅದಕ್ಕೇ ಪರೀಕ್ಷೆ ಮೊದಲು.

ಮತಗಟ್ಟೆ ಅಧಿಕಾರಿಗಳಿಗೆ ಆಯೋಗ ಕೊಡುವ ಕೈಪಿಡಿ ಇನ್ನೂ ಸೊಗಸು. ಶಾಯಿ ಬಾಟಲಿ ಉರುಳದಂತೆ ಅಗಲ ತಳದ ಡಬ್ಬಿಯಲ್ಲಿ ಮರಳು ತುಂಬಿ ಮುಕ್ಕಾಲು ಭಾಗ ಹೂತಿಡಬೇಕು ಎಂದು ಅದರಲ್ಲಿದೆ. ಯಾರಾದರೂ ಬೆರಳಿಗೆ ಎಣ್ಣೆ ಸವರಿಕೊಂಡು ಬಂದಿದ್ದರೆ ಬಟ್ಟೆಯಿಂದ ಒರೆಸಿ ಆಮೇಲೆ ಹಚ್ಚಬೇಕು ಎಂದೂ ಇದೆ. ಬೆವರಿನ ಉಪ್ಪಿಗೂ ಶಾಯಿಗೂ ನಡುವೆ ಎಣ್ಣೆ ಅಡ್ಡ ಕುಳಿತರೆ ಏನಾಗುತ್ತದೆ ಎಂದು ರಸಾಯನ ಓದಿದ ಮಕ್ಕಳು ತಾವೇ ಹೇಳಿದರು. 2006ರಿಂದ ಗುರುತನ್ನು ಉಗುರಿನ ತುದಿಯಿಂದ ಮೊದಲ ಗೆಣ್ಣಿನ ಬುಡದವರೆಗೆ ಗೆರೆಯಾಗಿ ಎಳೆಯುತ್ತಾರೆ. ಅದಕ್ಕೂ ಮೊದಲು ಉಗುರು ಮತ್ತು ಚರ್ಮ ಕೂಡುವಲ್ಲಿ ಹಚ್ಚುತ್ತಿದ್ದರು. ನಾನು ಎರಡನೇ ಪೋಲಿಂಗ್ ಆಫೀಸರ್ ಆಗಿ ಕುಳಿತಾಗ ಶಾಯಿ ಮತ್ತು ಸಹಿ ಪುಸ್ತಕ ಎರಡೂ ನನ್ನ ಪಾಲಿಗೆ ಬಂದಿದ್ದವು. ಮೊದಲು ಶಾಯಿ, ಆಮೇಲೆ ಸಹಿ. ಸಹಿ ಮಾಡುವ ಹೊತ್ತಿನಲ್ಲಿ ಶಾಯಿ ಒಣಗಲಿ ಎಂಬುದಕ್ಕಾಗಿ ಆ ಕ್ರಮ. ನಾನೋ, ಎಲ್ಲರ ಉಗುರು ನೋಡಿ ನೋಡಿ, ಯಾರು ಗದ್ದೆಯಲ್ಲಿ ದುಡಿಯುವವರು, ಯಾರು ಕಚೇರಿಯವರು ಎಂದು ಮುಖ ನೋಡದೆಯೇ ಹೇಳುವಂತಾಗಿದ್ದೆ.

ಕಾಗದ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಈ ಮಿತಿಯನ್ನು ಬೈಯುವವರು ಇದ್ದಾರೆ. ಮಕ್ಕಳಿಗೆ ಪ್ರಶ್ನೆ ಬರೆಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ. "ಏಕೆ" ಎಂದು ಕೇಳಬೇಡಿ, ಅಭಿಪ್ರಾಯ ಕೊಡುವ ಕಟ್ಟುಪಾಡು ಅವರಿಗಿಲ್ಲ. "ಯಾವ ವರ್ಷ ಎಷ್ಟು ಬಾಟಲಿ, ಯಾವ ದರ, ಅದರ ಆದೇಶದ ಪ್ರತಿ ಕೊಡಿ" ಎಂದು ಕೇಳಿ. ಶಾಯಿಯ ಸೂತ್ರವನ್ನು ಕೇಳಿದರೆ ವ್ಯಾಪಾರ ರಹಸ್ಯ ಎಂದು ಕಲಂ 8(1)(ಡಿ) ತೋರಿಸಿ ನಿರಾಕರಿಸಬಹುದು. ಅದು ನ್ಯಾಯವೇ, ಸೂತ್ರ ಬೀದಿಗೆ ಬಂದರೆ ಅಳಿಸುವ ಉಪಾಯವೂ ಹಿಂದೆಯೇ ಬರುತ್ತದೆ.

ವಸ್ತು ತನ್ನ ಜಾಗ ಬಿಟ್ಟು ಹೊರಟಾಗ

ಒಂದು ವಸ್ತುವಿನ ಸಾಮಾಜಿಕ ಬದುಕು ಅರ್ಥವಾಗಬೇಕಾದರೆ, ಅದನ್ನು ಉದ್ದೇಶಿಸದ ಕಡೆ ಬಳಸಿದ ಸಂದರ್ಭ ಹುಡುಕಿ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ, ಒಬ್ಬರೇ ಮತ್ತೆ ಮತ್ತೆ ಸಾಲಿನಲ್ಲಿ ಬಂದು ನೋಟು ಬದಲಿಸುವುದನ್ನು ತಡೆಯಲು ಇದೇ ಶಾಯಿಯನ್ನು ಬ್ಯಾಂಕುಗಳಿಗೆ ಕಳುಹಿಸಿದರು. ನನ್ನ ಕೌಂಟರಿಗೂ ಬಂತು. ಬಲಗೈ ಬೆರಳಿಗೆ ಹಚ್ಚಬೇಕು ಎಂಬ ಸೂಚನೆ, ಏಕೆಂದರೆ ಎಡಗೈ ಚುನಾವಣೆಯದು. ಉಪಚುನಾವಣೆಗಳು ಹತ್ತಿರವಿದ್ದುದರಿಂದ ಚುನಾವಣಾ ಆಯೋಗ ಹಣಕಾಸು ಸಚಿವಾಲಯಕ್ಕೆ ಪತ್ರ ಬರೆದು ಆತಂಕ ವ್ಯಕ್ತಪಡಿಸಿತ್ತು. ಮತಗಟ್ಟೆಯಲ್ಲಿ ಬೆರಳನ್ನು ತಾವಾಗಿ ಚಾಚುತ್ತಿದ್ದ ಅದೇ ಜನ ಕೌಂಟರಿನಲ್ಲಿ ಕೈಯನ್ನು ಹಿಂದೆ ಎಳೆದುಕೊಳ್ಳುತ್ತಿದ್ದರು. "ನಾನೇನು ಕಳ್ಳಿಯೇನಮ್ಮಾ?" ಎಂದು ಒಬ್ಬ ಮುದುಕಿ ಕೇಳಿದಳು. ಶಾಯಿ ಅದೇ, ರಸಾಯನವೂ ಅದೇ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾಲದ ಗೃಹ ದಿಗ್ಬಂಧನದವರ ಕೈಗೆ ಇದೇ ಬಗೆಯ ಶಾಯಿಯ ಮುದ್ರೆ ಬಿತ್ತು, ಆಗ ಅದನ್ನು ಜನ ಅಂಗಿಯ ತೋಳಿನಲ್ಲಿ ಮುಚ್ಚಿಕೊಂಡರು. ಇತ್ತ 2018ರಲ್ಲೂ 2024ರಲ್ಲೂ ಬೆಂಗಳೂರಿನ ಕೆಲವು ಹೋಟೆಲುಗಳು ಶಾಯಿ ತೋರಿಸಿದವರಿಗೆ ದೋಸೆ ಬಿಟ್ಟಿ ಕೊಟ್ಟವು.

ಹೊರದೇಶಗಳನ್ನೂ ನೋಡಿ. 2004ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ಅಧ್ಯಕ್ಷೀಯ ಚುನಾವಣೆಯಲ್ಲಿ ಕೆಲವೆಡೆ ಅಳಿಸಲಾಗದ ಶಾಯಿಯ ಬದಲು ಸಾಮಾನ್ಯ ಮಾರ್ಕರ್ ಬಳಕೆಯಾಗಿ ಗುರುತು ಉಜ್ಜಿದರೆ ಹೋಯಿತು, ಅಭ್ಯರ್ಥಿಗಳು ಬಹಿಷ್ಕಾರದ ಮಾತೆತ್ತಿದರು. 2005ರ ಜನವರಿಯಲ್ಲಿ ಇರಾಕಿನ ಜನ ನೇರಳೆ ಬೆರಳನ್ನು ಕ್ಯಾಮೆರಾಗಳಿಗೆ ಎತ್ತಿ ತೋರಿಸಿದರು. 2014ರಲ್ಲಿ ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ತಾಲಿಬಾನಿಗಳು ಮತ ಹಾಕಿದ ಹನ್ನೊಂದು ಜನರ ಶಾಯಿ ಬೆರಳುಗಳನ್ನೇ ಕತ್ತರಿಸಿದರು. ಇದನ್ನು ಚಿಕ್ಕ ಮಕ್ಕಳಿಗೆ ನಾನು ಹೇಳಲಿಲ್ಲ, ದೊಡ್ಡವರಿಗೆ ಹೇಳಿದೆ. ಅಳಿಸಲಾಗದ್ದು ಎಂಬ ಗುಣವೇ ಅಲ್ಲಿ ಪ್ರಾಣಾಪಾಯ. ತಿರುಗಿಸಿಯೂ ಕೇಳಿ: ಶಾಯಿ ಇಲ್ಲದೆ ಚುನಾವಣೆ ನಡೆಸುವವರು ಯಾರು? ಬ್ರಿಟನ್ನಿನಲ್ಲಿ ಬೆರಳಿಗೆ ಏನೂ ಹಚ್ಚುವುದಿಲ್ಲ, ಮತದಾರರ ಪಟ್ಟಿಯ ಮೇಲೆ ಭರವಸೆ, ಅದಕ್ಕೆ 2023ರಿಂದ ಫೋಟೋ ಇರುವ ಗುರುತಿನ ದಾಖಲೆಯೂ ಸೇರಿದೆ.

ಎಲ್ಲಿಗೆ ನಿಲ್ಲಿಸಬೇಕು

ಕೆಂಪು ಗೆರೆಗಳೆಲ್ಲ ತಾಳೆಯಾದ ಮೇಲೆ, ಅಥವಾ ಉಳಿದದ್ದು ಊಹೆ ಎಂದು ಸ್ಪಷ್ಟವಾಗಿ ಬರೆದ ಮೇಲೆ ನಿಲ್ಲಿಸಿ. ಪಪ್ಪಾಯಿ ಹಾಲಿನ ಸಾಲು ಇನ್ನೂ ಎಡಪುಟದಲ್ಲೇ ಇದೆ. ಅದನ್ನು ಪರೀಕ್ಷಿಸುವುದು ಮುಂದಿನ ಚುನಾವಣೆಯಲ್ಲಿ, ಮತ ಹಾಕಿ ಮನೆಗೆ ಬಂದ ಮೇಲೆ, ದೊಡ್ಡವರೊಬ್ಬರ ಚರ್ಮದ ಮೇಲಿನ ಗುರುತಿನಲ್ಲಿ. ಸ್ವಯಂಸೇವಕರಾಗಿ ಒಬ್ಬ ತಂದೆ ಸಿಕ್ಕಿದ್ದಾರೆ.

ಕಂಡದ್ದನ್ನು ಯಾರಿಗಾದರೂ ಐದು ನಿಮಿಷದಲ್ಲಿ ಹೇಳಿಸಿ. ಹುಡುಕಿದ ಕ್ರಮದಲ್ಲಿ ಹೇಳಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಯಾವ ಎರಡು ಮಾತು ತಾಳೆಯಾಗಲಿಲ್ಲವೋ ಅಲ್ಲಿಂದ ಶುರುಮಾಡಿದರೆ ಕೇಳುವವರು ಮೊಬೈಲ್ ಕೆಳಗಿಡುತ್ತಾರೆ.

ಹೊಸಬರಿಗೆ ಮುಂದಿನ ಪ್ರಶ್ನೆ ಬೇಕಿದ್ದರೆ ಮೈಸೂರಿನಲ್ಲೇ ಇನ್ನೊಂದಿದೆ: ಶ್ರೀಗಂಧದ ಎಣ್ಣೆಯ ಸರ್ಕಾರಿ ಕಾರ್ಖಾನೆ ಶುರುವಾದದ್ದು 1916ರಲ್ಲಿ, ಸಾಬೂನು ಬಂದದ್ದು 1918ರಲ್ಲಿ, ಎರಡೂ ಮೊದಲ ಮಹಾಯುದ್ಧದ ನಡುವೆ. ಯುದ್ಧಕ್ಕೂ ಸಾಬೂನಿಗೂ ಏನು ಸಂಬಂಧ? ನಮ್ಮ ಜಗಲಿಯ ಮಕ್ಕಳು ಮಾತ್ರ ಅರಗನ್ನು ಆರಿಸಿಕೊಂಡಿದ್ದಾರೆ. ಕಾರ್ಖಾನೆಯ ಹಳೆಯ ಹೆಸರಿನಲ್ಲಿದ್ದ ಅರಗು ಒಂದು ಕೀಟದಿಂದ ಬರುತ್ತದೆ, ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅದರದ್ದೇ. ಬೊಂಬೆ ಮಾಡುವವರನ್ನು ಏನು ಕೇಳಬೇಕು ಎಂದು 150 ಪದಗಳ ಒಳಗೆ ಬರೆದುಕೊಂಡು ಬರಲು ಹೇಳಿದ್ದೇನೆ.